ಹಡಗಿನ ಮೇಲಿನ ಹೆಲಿಕಾಪ್ಟರ್ ಹಾರಾಟ: ಸುರಕ್ಷಿತ ಮಿತಿಗಳ ನಿರ್ಣಯ

ಪ್ರವೇಶ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಿಗೆ ಕಡಲತೀರವಿಲ್ಲ. ಆದರೂ ಈ ಮೂರು ತಾಲ್ಲೂಕುಗಳ ಜನಜೀವನ ಕಡಲಿನ ಮೇಲಿನಿಂದ ಬೀಸುವ ಗಾಳಿಯನ್ನೇ ನೆಚ್ಚಿಕೊಂಡಿದೆ. ಅರಬ್ಬೀ ಸಮುದ್ರವನ್ನು ದಾಟಿ ಬರುವ ನೈಋತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಾಗಿ ಮಳೆ ಸುರಿಸಿದಾಗ ಆ ನೀರು ನೇತ್ರಾವತಿಯಾಗಿ ಬಂಟ್ವಾಳವನ್ನೂ, ಫಲ್ಗುಣಿಯಾಗಿ ವೇಣೂರು ಹಾಗೂ ಮೂಡುಬಿದಿರೆಯ ಸೀಮೆಯನ್ನೂ ಹಾದು ಮಂಗಳೂರಿನಲ್ಲಿ ಮತ್ತೆ ಕಡಲನ್ನು ಸೇರುತ್ತದೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟವನ್ನು 8.5 ಮೀಟರ್ ಎಂದು ಗುರುತಿಸಲಾಗಿದೆ. 1923 ಮತ್ತು 1974ರ ನೆರೆಗಳನ್ನು ಕಂಡ ಊರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಏರುತ್ತಿರುವಾಗ ಚರ್ಚೆಗೆ ಅವಕಾಶವಿರುವುದಿಲ್ಲ; ಆದುದರಿಂದ ಯಾವ ಮಟ್ಟದಲ್ಲಿ ಮನೆ ಬಿಡಬೇಕೆಂಬುದನ್ನು ಮೊದಲೇ ಅಳೆದು ನಿಶ್ಚಯಿಸಿರಬೇಕು. ಮಿತಿಯೆಂಬುದರ ಮೂಲಭೂತ ಉಪಯೋಗ ಇದೇ ಆಗಿದೆ.

ಕರಾವಳಿಯ ಮೀನುಗಾರರಿಗೆ ಮಿತಿಯು ಪಂಚಾಂಗದ ರೂಪದಲ್ಲಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನವೃದ್ಧಿಯ ರಕ್ಷಣೆ ಇದರ ಉದ್ದೇಶ. ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವ ಕಾಲವೂ ಅದೇ ಆಗಿರುವುದರಿಂದ ದೋಣಿಗಳ ಸುರಕ್ಷತೆಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಆದರೆ ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ಇಂತಹ ಬಿಡುವಿನ ತಿಂಗಳುಗಳಿಲ್ಲ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗಿದಾಗ ‘ಕೋರಮಂಡಲ ಸಪೋರ್ಟರ್-9’ ಎಂಬ ಟಗ್ ನೌಕೆ ಮೂಲ್ಕಿಯ ಕಡಲಬಂಡೆಗಳ ನಡುವೆ ಸಿಲುಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆಯ ‘ವರಾಹ’ ಹಡಗು ಸೇರಿ ಪಾರುಮಾಡಿದವು. ಮೂಡುಬಿದಿರೆಯಿಂದ ಪಡುವಣಕ್ಕೆ ಕೆಲವೇ ಗಾವುದ ದೂರದ ಕಡಲಿನಲ್ಲಿ ನಡೆದ ಘಟನೆ ಇದು.

ಅಂತಹ ನೌಕೆ ತೀರದ ಬಳಿ ಸಿಲುಕದೆ ದಡದಿಂದ ನೂರಾರು ಕಿಲೋಮೀಟರ್ ದೂರದಲ್ಲಿದ್ದರೆ ಹೆಲಿಕಾಪ್ಟರ್ ಒಂದು ಹಡಗಿನಿಂದಲೇ ಏರಿ ಅದೇ ಹಡಗಿಗೆ ಮರಳಬೇಕಾಗುತ್ತದೆ. ಆಗ ಎಷ್ಟು ಗಾಳಿಯವರೆಗೆ ಏರಬಹುದು, ಹಡಗು ಎಷ್ಟು ಹೊರಳುವವರೆಗೆ ಇಳಿಯಬಹುದು ಎಂಬ ಪ್ರಶ್ನೆಗೆ ಪಂಚಾಂಗದಲ್ಲಿ ಉತ್ತರ ದೊರೆಯುವುದಿಲ್ಲ. ಅದನ್ನು ಅಳೆದೇ ನಿರ್ಣಯಿಸಬೇಕು. ಹೀಗೆ ಅಳೆದು ನಿರ್ಣಯಿಸಿದ ಮಿತಿಗಳ ಸ್ವರೂಪವೇನು, ಅವುಗಳನ್ನು ಕಂಡುಕೊಳ್ಳುವ ಕ್ರಮವೇನು ಮತ್ತು ಕರ್ನಾಟಕದಲ್ಲಿ ರೂಪುಗೊಂಡ ಹೆಲಿಕಾಪ್ಟರುಗಳ ಸಂದರ್ಭದಲ್ಲಿ ಅವುಗಳ ಮಹತ್ತ್ವವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮಿತಿಯ ಸ್ವರೂಪ

ಅಮೆರಿಕದಲ್ಲಿ ಹಡಗಿನ ಮೇಲೆ ಹೆಲಿಕಾಪ್ಟರನ್ನು ಮೊದಲ ಬಾರಿಗೆ ಇಳಿಸಿದ್ದು 1943ರ ಮೇ 6ರಂದು. ಅಮೆರಿಕದ ಕರ್ನಲ್ ಫ್ರಾಂಕ್ಲಿನ್ ಗ್ರೆಗರಿ ಅವರು ಸಿಕೋರ್ಸ್ಕಿ ಸಂಸ್ಥೆಯ ಎಕ್ಸ್‌ಆರ್-4 ಹೆಲಿಕಾಪ್ಟರನ್ನು ‘ಬಂಕರ್ ಹಿಲ್’ ಎಂಬ ತೈಲನೌಕೆಯ ಮೇಲೆ ಇಳಿಸಿದರು. ಇಳಿಯುವುದು ಸಾಧ್ಯವೆಂಬುದು ಅಂದೇ ಸಿದ್ಧವಾಯಿತು. ಯಾವ ಸ್ಥಿತಿಯಲ್ಲಿ ಸುರಕ್ಷಿತವಾಗಿ ಇಳಿಯಬಹುದೆಂಬುದನ್ನು ಕ್ರಮಬದ್ಧವಾಗಿ ತಿಳಿಯಲು ಮುಂದಿನ ಹಲವು ದಶಕಗಳು ಬೇಕಾದವು.

ಸಾಮಾನ್ಯವಾಗಿ ಯಂತ್ರದ ಮಿತಿಯೆಂದರೆ ಆ ಯಂತ್ರದ ಗುಣವೆಂದು ತಿಳಿಯಲಾಗುತ್ತದೆ. ಒಂದು ಲಾರಿ ಇಷ್ಟು ಟನ್ ಹೊರುತ್ತದೆ ಎಂಬಂತೆ ಒಂದು ಹೆಲಿಕಾಪ್ಟರ್ ಇಷ್ಟು ಗಾಳಿಯನ್ನು ತಾಳುತ್ತದೆ ಎಂದು ಭಾವಿಸುವುದು ಸಹಜ. ನೆಲದ ಮೇಲಿನ ಹಾರಾಟದ ಮಟ್ಟಿಗೆ ಇದು ಬಹುಪಾಲು ಸರಿ. ಹಡಗಿನ ವಿಷಯದಲ್ಲಿ ಸರಿಯಲ್ಲ. ಹಡಗಿನ ಮೇಲಿನ ಕಾರ್ಯಾಚರಣೆಯ ಮಿತಿ ಹೆಲಿಕಾಪ್ಟರಿನದೂ ಅಲ್ಲ, ಹಡಗಿನದೂ ಅಲ್ಲ. ಅದು ಅವೆರಡರ ಜೋಡಿಗೆ ಸೇರಿದ್ದು. ಅದೇ ಹೆಲಿಕಾಪ್ಟರ್ ಬೇರೊಂದು ವರ್ಗದ ಹಡಗಿಗೆ ಹೋದರೆ ಮಿತಿ ಬದಲಾಗುತ್ತದೆ. ಅದೇ ಹಡಗಿಗೆ ಬೇರೆ ಹೆಲಿಕಾಪ್ಟರ್ ಬಂದರೂ ಬದಲಾಗುತ್ತದೆ.

ಈ ಮಿತಿಯನ್ನು ಒಂದು ವರ್ತುಲಾಕಾರದ ನಕ್ಷೆಯಲ್ಲಿ ತೋರಿಸಲಾಗುತ್ತದೆ. ವರ್ತುಲದ ಕೇಂದ್ರದಲ್ಲಿ ಹಡಗು ಇದ್ದು, ಅದರ ಮುಂತುದಿ ಮೇಲ್ಮುಖವಾಗಿರುತ್ತದೆ. ಒಂದರ ಹೊರಗೊಂದು ಬರೆದ ವೃತ್ತಗಳು ಗಾಳಿಯ ವೇಗವನ್ನೂ, ಕೇಂದ್ರದಿಂದ ಹೊರಟ ಅರಗಳು ಗಾಳಿ ಬರುವ ದಿಕ್ಕನ್ನೂ ಸೂಚಿಸುತ್ತವೆ. ಇವುಗಳ ನಡುವೆ ಎಳೆದ ಒಂದು ಅಂಕುಡೊಂಕಾದ ರೇಖೆಯ ಒಳಗಿನ ಪ್ರದೇಶದಲ್ಲಿ ಹಾರಾಟಕ್ಕೆ ಅನುಮತಿಯಿದೆ, ಹೊರಗೆ ಇಲ್ಲ. ಹಡಗಿನ ಹೊರಳಾಟ ಮತ್ತು ತೂಗಾಟ ಎಷ್ಟು ಡಿಗ್ರಿಯವರೆಗೆ ಇರಬಹುದೆಂಬುದನ್ನು ಅದೇ ನಕ್ಷೆಯಲ್ಲಿ ನಮೂದಿಸಿರುತ್ತಾರೆ. ಹಗಲು ಮತ್ತು ರಾತ್ರಿಗೆ, ಹೆಲಿಕಾಪ್ಟರಿನ ಬೇರೆ ಬೇರೆ ತೂಕಗಳಿಗೆ, ಡೆಕ್ಕನ್ನು ಸಮೀಪಿಸುವ ಬೇರೆ ಬೇರೆ ಕ್ರಮಗಳಿಗೆ ಪ್ರತ್ಯೇಕ ನಕ್ಷೆಗಳಿರುತ್ತವೆ.

ಇಲ್ಲಿ ಗಾಳಿಯೆಂದರೆ ಹಡಗಿನ ಮೇಲೆ ನಿಂತವನಿಗೆ ತಾಗುವ ಸಾಪೇಕ್ಷ ಗಾಳಿ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪಶ್ಚಿಮದಿಂದ 20 ನಾಟ್ ವೇಗದ ಗಾಳಿ ಬೀಸುತ್ತಿದೆ, ಹಡಗು 15 ನಾಟ್ ವೇಗದಲ್ಲಿ ಉತ್ತರಕ್ಕೆ ಸಾಗುತ್ತಿದೆ ಎಂದಿಟ್ಟುಕೊಂಡರೆ ಡೆಕ್ಕಿನ ಮೇಲೆ ಮುಂತುದಿಯಿಂದ ಎಡಕ್ಕೆ ಸುಮಾರು 53 ಡಿಗ್ರಿಯ ಕೋನದಲ್ಲಿ 25 ನಾಟ್ ಗಾಳಿ ತಾಗುತ್ತದೆ. ಅದೇ ಹಡಗು ಪಶ್ಚಿಮಕ್ಕೆ ತಿರುಗಿದರೆ ಎದುರಿನಿಂದ 35 ನಾಟ್ ಗಾಳಿ. ಪೂರ್ವಕ್ಕೆ ತಿರುಗಿದರೆ ಹಿಂದಿನಿಂದ ಕೇವಲ 5 ನಾಟ್. ಕಡಲಿನ ಗಾಳಿ ಬದಲಾಗಿಲ್ಲ. ಬದಲಾದುದು ಹಡಗಿನ ದಿಕ್ಕು ಮಾತ್ರ. ಹೀಗಾಗಿ ಮಿತಿನಕ್ಷೆ ಪೈಲಟ್ಟಿಗೆ ಎಷ್ಟು ಅಗತ್ಯವೋ ಹಡಗಿನ ಕಪ್ತಾನನಿಗೂ ಅಷ್ಟೇ ಅಗತ್ಯ. ಹೆಲಿಕಾಪ್ಟರ್ ಮರಳುವ ವೇಳೆಗೆ ಹಡಗನ್ನು ಯಾವ ದಿಕ್ಕಿಗೆ, ಯಾವ ವೇಗದಲ್ಲಿ ನಡೆಸಬೇಕೆಂಬುದನ್ನು ಅವನು ಆ ನಕ್ಷೆಯನ್ನು ನೋಡಿಯೇ ನಿರ್ಧರಿಸುತ್ತಾನೆ.

ಅಪಾಯದ ಮೂಲಗಳು

ಯುದ್ಧನೌಕೆಗಳಲ್ಲಿ ಹೆಲಿಕಾಪ್ಟರಿನ ಡೆಕ್ ಸಾಮಾನ್ಯವಾಗಿ ಹಿಂತುದಿಯಲ್ಲಿರುತ್ತದೆ. ಅದರ ಮುಂದೆ ಹೆಲಿಕಾಪ್ಟರನ್ನು ಇರಿಸುವ ಹ್ಯಾಂಗರ್ ಗೋಡೆಯಂತೆ ನಿಂತಿರುತ್ತದೆ. ಎದುರಿನಿಂದ ಬರುವ ಗಾಳಿ ಹ್ಯಾಂಗರಿನ ಅಂಚುಗಳಲ್ಲಿ ಸೀಳಿಹೋಗಿ, ಅದರ ಹಿಂದೆ ಕೆಳಕ್ಕೆ ಸುತ್ತಿ ಸುಳಿಗಳನ್ನು ರಚಿಸುತ್ತದೆ. ಹೊಳೆಯ ನಡುವಿನ ಬಂಡೆಯ ಹಿಂಬದಿಯಲ್ಲಿ ನೀರು ತಿರುಗುವುದನ್ನು ಮಳೆಗಾಲದಲ್ಲಿ ಯಾರೂ ನೋಡಿರಬಹುದು. ಹ್ಯಾಂಗರಿನ ಹಿಂದೆ ಗಾಳಿ ತಿರುಗುವುದೂ ಹಾಗೆಯೇ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಹೆಲಿಕಾಪ್ಟರ್ ಇಳಿಯಬೇಕಾದುದು ಈ ಸುಳಿಗಳ ನಡುವೆ. ಸೆಕೆಂಡಿಗೆ ಸುಮಾರು 0.2ರಿಂದ 2 ಆವರ್ತನಗಳ ನಡುವಿನ ಗಾಳಿಯ ಏರಿಳಿತಗಳು ಪೈಲಟ್ಟನ್ನು ಹೆಚ್ಚು ದಣಿಸುತ್ತವೆ. ಇದಕ್ಕಿಂತ ನಿಧಾನವಾದ ಬದಲಾವಣೆಯನ್ನು ಅವನು ಸುಲಭವಾಗಿ ಅನುಸರಿಸಬಲ್ಲ. ಇದಕ್ಕಿಂತ ತ್ವರಿತವಾದುದನ್ನು ಯಂತ್ರದ ಜಡತ್ವವೇ ನುಂಗಿಕೊಳ್ಳುತ್ತದೆ. ನಡುವಿನದಕ್ಕೆ ಮಾತ್ರ ಕೈಕಾಲುಗಳು ಎಡೆಬಿಡದೆ ಉತ್ತರ ಕೊಡುತ್ತಿರಬೇಕಾಗುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 20 ನಾಟ್ ಗಾಳಿ 30 ನಾಟ್ ಆದಾಗ ಅದರ ಒತ್ತಡ 2.25 ಪಟ್ಟಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಎರಡನೆಯ ಮೂಲ ಡೆಕ್ಕಿನ ಚಲನೆ. ಹಡಗು ಎಡಬಲಕ್ಕೆ ಹೊರಳುತ್ತದೆ, ಹಿಂದುಮುಂದಾಗಿ ತೂಗುತ್ತದೆ, ಇಡಿಯಾಗಿ ಏರಿಳಿಯುತ್ತದೆ. ತೂಗಾಟದ ಕೇಂದ್ರದಿಂದ 50 ಮೀಟರ್ ಹಿಂದೆ ಡೆಕ್ ಇದ್ದು, ಹಡಗು ಕೇವಲ 2 ಡಿಗ್ರಿ ತೂಗಿದರೂ ಡೆಕ್ ಸುಮಾರು 1.75 ಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಒಟ್ಟು ವ್ಯತ್ಯಾಸ ಮೂರೂವರೆ ಮೀಟರ್. ಆದರೆ ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ದೊಡ್ಡ ಅಲೆಗಳ ಗುಂಪೊಂದು ಹಾದುಹೋದ ಬಳಿಕ ಕೆಲವು ಸೆಕೆಂಡುಗಳ ಕಾಲ ಡೆಕ್ ಶಾಂತವಾಗುವುದುಂಟು. ನುರಿತ ಪೈಲಟ್ ಡೆಕ್ಕಿನ ಮೇಲೆ ನಿಂತಲ್ಲೇ ಹಾರುತ್ತ ಆ ಗಳಿಗೆಗಾಗಿ ಕಾಯುತ್ತಾನೆ. ಅಳಿವೆಯ ಬಾಯಿಯಲ್ಲಿ ಅಲೆಗಳನ್ನು ಎಣಿಸಿ ದೋಣಿ ನುಗ್ಗಿಸುವ ಮೀನುಗಾರನ ಜಾಣ್ಮೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಮೂರನೆಯದು ರೋಟರಿನ ತಿರುಗುವಿಕೆ. ನೌಕಾಪಡೆ ಬಹುಕಾಲ ಬಳಸಿದ ಬ್ರಿಟಿಷ್ ನಿರ್ಮಿತ ಸೀ ಕಿಂಗ್ ಹೆಲಿಕಾಪ್ಟರಿನ ಮುಖ್ಯ ರೋಟರ್ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುತ್ತದೆ. ಫ್ರೆಂಚ್ ಅಲುಯೆಟ್-3 ಮಾದರಿಯ ಆಧಾರದಲ್ಲಿ ಬೆಂಗಳೂರಿನಲ್ಲಿ ತಯಾರಾದ ಚೇತಕ್ ಹೆಲಿಕಾಪ್ಟರಿನದು ಪ್ರದಕ್ಷಿಣವಾಗಿ ತಿರುಗುತ್ತದೆ. ರೋಟರಿನ ತಿರುಚು ಬಲವನ್ನು ಬಾಲದ ರೋಟರ್ ಸರಿದೂಗಿಸಬೇಕು. ಅಪ್ರದಕ್ಷಿಣ ರೋಟರಿನ ಯಂತ್ರಕ್ಕೆ ಬಲಬದಿಯಿಂದ ಗಾಳಿ ತಾಗಿದರೆ ಬಾಲದ ರೋಟರಿನ ಹೊರೆ ಹೆಚ್ಚುತ್ತದೆ, ಪೈಲಟ್ ಎಡ ಪೆಡಲನ್ನು ಇನ್ನಷ್ಟು ಒತ್ತಬೇಕಾಗುತ್ತದೆ. ಪ್ರದಕ್ಷಿಣ ರೋಟರಿನ ಯಂತ್ರಕ್ಕೆ ಅದೇ ಕಷ್ಟ ಎಡಬದಿಯ ಗಾಳಿಯಿಂದ ಬರುತ್ತದೆ. ಒಂದೇ ಡೆಕ್ಕಿಗೆ ಬರುವ ಎರಡು ಹೆಲಿಕಾಪ್ಟರುಗಳ ಮಿತಿನಕ್ಷೆಗಳು ವಿರುದ್ಧ ದಿಕ್ಕಿಗೆ ವಾಲಿಕೊಂಡಿರುವುದಕ್ಕೆ ಇದೊಂದು ಕಾರಣ. ಬಾಲದ ರೋಟರೇ ಇಲ್ಲದೆ ಒಂದರ ಮೇಲೊಂದು ಎರಡು ರೋಟರುಗಳುಳ್ಳ ರಷ್ಯದ ಕಾಮೊವ್ ಹೆಲಿಕಾಪ್ಟರುಗಳಿಗೆ ಈ ವಾಲು ಅಷ್ಟಾಗಿ ಇಲ್ಲ.

ಇವುಗಳ ಜೊತೆಗೆ ಹಡಗಿನ ಹೊಗೆಕೊಳವೆಯ ಬಿಸಿಗಾಳಿ, ಉಪ್ಪುನೀರಿನ ಸೀರ್ಪನಿ, ರಾತ್ರಿಯ ಕತ್ತಲೆ ಸೇರಿಕೊಳ್ಳುತ್ತವೆ. ಉಷ್ಣತೆಯ ಪ್ರಭಾವವನ್ನು ಭಾರತದ ಕಡಲಿನಲ್ಲಿ ವಿಶೇಷವಾಗಿ ಪರಿಗಣಿಸಬೇಕಾಗಿದೆ. ಗಾಳಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ. 6.5ರಷ್ಟು ಇಳಿಯುತ್ತದೆ. ರೋಟರಿನ ಎತ್ತುವ ಬಲವೂ ಎಂಜಿನ್ನಿನ ಸಾಮರ್ಥ್ಯವೂ ಒಟ್ಟಿಗೇ ಕುಗ್ಗುತ್ತವೆ. ಉತ್ತರ ಅಟ್ಲಾಂಟಿಕ್‌ನ ತಂಪು ಗಾಳಿಯಲ್ಲಿ ನಿರ್ಣಯಿಸಿದ ಮಿತಿಯನ್ನು ಅರಬ್ಬೀ ಸಮುದ್ರಕ್ಕೆ ಹಾಗೆಯೇ ತಂದುಕೊಳ್ಳಲಾಗುವುದಿಲ್ಲ.

ನಿರ್ಣಯದ ಹಂತಗಳು

ಮಿತಿಗಳನ್ನು ಮೂರು ಹಂತಗಳಲ್ಲಿ ಕಂಡುಕೊಳ್ಳಲಾಗುತ್ತದೆ. ಮೊದಲ ಹಂತ ನೆಲದ ಮೇಲೆ ನಡೆಯುತ್ತದೆ. ಹೆಲಿಕಾಪ್ಟರ್ ಎಲ್ಲ ದಿಕ್ಕುಗಳಿಗೂ ನಿಧಾನವೇಗದಲ್ಲಿ ಹಾರಿ, ಯಾವ ದಿಕ್ಕಿನ ಗಾಳಿಗೆ ಎಷ್ಟು ಶಕ್ತಿ, ಎಷ್ಟು ಪೆಡಲ್, ಎಷ್ಟು ಹಿಡಿಕೋಲಿನ ಚಲನೆ ಬೇಕಾಗುತ್ತದೆ ಎಂಬುದನ್ನು ದಾಖಲಿಸುತ್ತದೆ. ನಿಯಂತ್ರಣದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟಾದರೂ ಉಳಿಕೆ ಇರಬೇಕೆಂಬುದು ರೂಢಿ. ಆ ಉಳಿಕೆ ಕರಗುವ ಸ್ಥಿತಿಗಳನ್ನು ಹಡಗಿಗೆ ಹೋಗುವ ಮೊದಲೇ ಕೈಬಿಡಲಾಗುತ್ತದೆ.

ಎರಡನೆಯ ಹಂತದಲ್ಲಿ ಹಡಗಿನ ಸುತ್ತಲಿನ ಗಾಳಿಯನ್ನು ಅಭ್ಯಸಿಸಲಾಗುತ್ತದೆ. ಹಡಗಿನ ಸಣ್ಣ ಮಾದರಿಯನ್ನು ಗಾಳಿಸುರಂಗದಲ್ಲಿ ಇರಿಸಿ ಸುಳಿಗಳನ್ನು ಅಳೆಯುತ್ತಾರೆ. ಗಣಕಯಂತ್ರದ ಲೆಕ್ಕಾಚಾರದಿಂದಲೂ ಅವುಗಳನ್ನು ಚಿತ್ರಿಸುತ್ತಾರೆ. ಬೇರೆ ಬೇರೆ ದೇಶಗಳ ಸಂಶೋಧಕರು ತಮ್ಮ ಲೆಕ್ಕಗಳನ್ನು ಹೋಲಿಸಿ ನೋಡಲೆಂದು ಯಾವ ನೈಜ ಹಡಗಿನದೂ ಅಲ್ಲದ ಒಂದು ಸರಳ ಫ್ರಿಗೇಟ್ ಆಕೃತಿಯನ್ನು ಸಾಮಾನ್ಯ ಅಳತೆಗೋಲಾಗಿ ಬಳಸುತ್ತ ಬಂದಿದ್ದಾರೆ. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಇಂತಹ ಗಾಳಿಯ ಮಾಹಿತಿಯನ್ನು ಹಾರಾಟದ ಸಿಮ್ಯುಲೇಟರಿಗೆ ಜೋಡಿಸಿ, ಪರೀಕ್ಷಾ ಪೈಲಟ್ಟುಗಳಿಂದ ಡೆಕ್ಕಿನ ಮೇಲೆ ಇಳಿಯುವ ಅಭ್ಯಾಸವನ್ನು ಪ್ರಯೋಗಾಲಯದಲ್ಲಿಯೇ ಮಾಡಿಸಲಾಗಿದೆ. ಇದೇ ಹಂತದಲ್ಲಿ ನಿರ್ಣಾಯಕವಾದ ಇನ್ನೊಂದು ಕೆಲಸವಿದೆ. ಹಡಗಿನ ಕಂಬದ ಮೇಲಿರುವ ವಾಯುವೇಗಮಾಪಕವೇ ಹಡಗಿನ ಒಡಲಿನಿಂದ ಕದಡಿದ ಗಾಳಿಯಲ್ಲಿ ನಿಂತಿರುತ್ತದೆ. ಅದು ತೋರಿಸುವ ಅಂಕಿಗೂ ಮುಕ್ತ ಗಾಳಿಯ ಅಂಕಿಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯದಿದ್ದರೆ ಮುಂದಿನ ಎಲ್ಲ ಅಳತೆಯೂ ತಪ್ಪಾಗುತ್ತದೆ.

ಮೂರನೆಯ ಹಂತವೇ ಕಡಲಿನ ಪರೀಕ್ಷೆ. ಉಪಕರಣಗಳನ್ನು ಅಳವಡಿಸಿದ ಹೆಲಿಕಾಪ್ಟರ್, ಪರೀಕ್ಷಾ ಪೈಲಟ್ಟುಗಳು ಮತ್ತು ಎಂಜಿನಿಯರುಗಳ ತಂಡ ಹಡಗನ್ನೇರುತ್ತದೆ. ಸೌಮ್ಯವಾದ ಗಾಳಿಯಿಂದ ಆರಂಭಿಸಿ ವೇಗವನ್ನೂ ಕೋನವನ್ನೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಏರುವುದು, ಇಳಿಯುವುದು ನಡೆಯುತ್ತದೆ. ಪ್ರಚಲಿತವಾದ ಒಂದು ಕ್ರಮದಲ್ಲಿ ಹೆಲಿಕಾಪ್ಟರ್ ಹಡಗಿನ ಎಡಬದಿಗೆ ಬಂದು, ಅದರ ವೇಗಕ್ಕೆ ಸಮನಾಗಿ ಸಾಗುತ್ತ, ಅಡ್ಡಲಾಗಿ ಡೆಕ್ಕಿನ ಮೇಲಕ್ಕೆ ಸರಿದು, ಅಲ್ಲಿ ನಿಂತು, ಬಳಿಕ ಇಳಿಯುತ್ತದೆ. ಪ್ರತಿ ಬಾರಿಯೂ ಪೈಲಟ್ ತನ್ನ ಶ್ರಮವನ್ನು 1ರಿಂದ 5ರವರೆಗಿನ ಮಾಪಕದಲ್ಲಿ ಗುರುತಿಸುತ್ತಾನೆ. 3ರವರೆಗಿನದು ಮಿತಿಯೊಳಗೆ, 4 ಮತ್ತು 5 ಹೊರಗೆ. ತಾನು ಇಳಿಸಬಲ್ಲೆನೇ ಎಂಬುದು ಇಲ್ಲಿ ಅವನ ಮುಂದಿರುವ ಪ್ರಶ್ನೆಯಲ್ಲ. ಹಲವು ತಿಂಗಳುಗಳಿಂದ ಕಡಲಿನಲ್ಲಿರುವ, ಆ ರಾತ್ರಿ ದಣಿದಿರುವ ಸಾಧಾರಣ ಪೈಲಟ್ ಪ್ರತಿ ಸಲವೂ ಇಳಿಸಬಲ್ಲನೇ ಎಂಬುದಕ್ಕೆ ಅವನು ಉತ್ತರಿಸಬೇಕು. ತನ್ನ ಕೌಶಲವನ್ನು ಬದಿಗಿಟ್ಟು ಇತರರ ಪರವಾಗಿ ಅಳೆಯುವ ಈ ಶಿಸ್ತೇ ಪರೀಕ್ಷಾ ಪೈಲಟ್ಟಿನ ತರಬೇತಿಯ ತಿರುಳು.

ಈ ಹಂತದ ದೊಡ್ಡ ತೊಡಕೆಂದರೆ ಹವಾಮಾನ. ಬೇಕಾದ ಗಾಳಿಯನ್ನೂ ಅಲೆಯನ್ನೂ ಆಜ್ಞೆ ಮಾಡಿ ತರಿಸಿಕೊಳ್ಳಲಾಗದು. ಗೊತ್ತುಪಡಿಸಿದ ವಾರಗಳಲ್ಲಿ ಕಡಲು ಶಾಂತವಾಗಿಯೇ ಉಳಿದರೆ ನಕ್ಷೆಯ ಹೊರಭಾಗಗಳು ಪರೀಕ್ಷೆಯಾಗದೆ ಉಳಿಯುತ್ತವೆ. ಪರೀಕ್ಷಿಸದ ಭಾಗವನ್ನು ನಿಷಿದ್ಧವೆಂದೇ ಗುರುತಿಸಬೇಕಾಗುತ್ತದೆ. ಹೀಗಾಗಿ ಮಿತಿರೇಖೆಯ ಒಂದು ಭಾಗ ಅಪಾಯ ಆರಂಭವಾಗುವ ಜಾಗವನ್ನು ತೋರಿಸಿದರೆ, ಇನ್ನೊಂದು ಭಾಗ ಪರೀಕ್ಷೆ ನಿಂತುಹೋದ ಜಾಗವನ್ನು ತೋರಿಸುತ್ತದೆ. ನಕ್ಷೆಯನ್ನು ನೋಡುವ ಕಪ್ತಾನನಿಗೆ ಎರಡೂ ಒಂದೇ ರೀತಿಯ ಗೆರೆಯಾಗಿ ಕಾಣುತ್ತವೆ.

ಕರ್ನಾಟಕದ ಸಂದರ್ಭ

ಭಾರತದ ಹೆಲಿಕಾಪ್ಟರ್ ನಿರ್ಮಾಣದ ನೆಲೆ ಬೆಂಗಳೂರು. 1960ರ ದಶಕದಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಅಲ್ಲಿ ಚೇತಕ್ ತಯಾರಿಕೆಯನ್ನು ಆರಂಭಿಸಿತು. ಸಣ್ಣ ಡೆಕ್ಕುಗಳ ಮೇಲೂ ಇಳಿಯಬಲ್ಲ ಈ ಹಗುರ ಯಂತ್ರ ದಶಕಗಳ ಕಾಲ ನೌಕಾಪಡೆಯ ಹಡಗುಗಳಲ್ಲಿ ದುಡಿಯಿತು. ನೀಲಗಿರಿ ವರ್ಗದ ಫ್ರಿಗೇಟುಗಳ ಪೈಕಿ ಕೊನೆಯ ಎರಡಾದ ತಾರಾಗಿರಿ ಮತ್ತು ವಿಂಧ್ಯಗಿರಿಗಳನ್ನು ಭಾರವಾದ ಸೀ ಕಿಂಗ್ ಹೆಲಿಕಾಪ್ಟರಿಗಾಗಿ ಮಾರ್ಪಡಿಸಿ ಕಟ್ಟಬೇಕಾಯಿತು. ಹೆಲಿಕಾಪ್ಟರ್ ಬದಲಾದರೆ ಹಡಗೂ ಬದಲಾಗಬೇಕೆಂಬುದಕ್ಕೆ ಇದು ನಮ್ಮಲ್ಲಿಯೇ ದೊರೆಯುವ ನಿದರ್ಶನ.

ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡ ‘ಧ್ರುವ’ ಹೆಲಿಕಾಪ್ಟರಿನ ಮೊದಲ ಮಾದರಿ 1992ರ ಆಗಸ್ಟ್‌ನಲ್ಲಿ ಹಾರಿತು. ನೌಕಾ ಮಾದರಿ 1995ರ ಡಿಸೆಂಬರ್‌ನಲ್ಲಿ ಹಾರಿದ್ದು, 1998ರ ಮಾರ್ಚ್‌ನಲ್ಲಿ ವಿಮಾನವಾಹಕ ನೌಕೆ ವಿರಾಟ್‌ನ ಮೇಲೆ ಅದರ ಪ್ರಾಥಮಿಕ ಪರೀಕ್ಷೆಗಳು ನಡೆದವು. ಇಂತಹ ಯಂತ್ರದ ಹಾರಾಟಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲ್ಯಾಕ್ ಸಂಸ್ಥೆಯೂ, ಪರೀಕ್ಷಾ ಪೈಲಟ್ಟುಗಳನ್ನು ತರಬೇತುಗೊಳಿಸುವ ವಾಯುಪಡೆಯ ಶಾಲೆಯೂ ಬೆಂಗಳೂರಿನಲ್ಲಿಯೇ ಇವೆ. ರಾಜ್ಯದ ಇನ್ನೊಂದು ತುದಿಯಲ್ಲಿ, ಕಾರವಾರದಲ್ಲಿ, 2005ರ ಮೇ 31ರಂದು ‘ಐಎನ್‌ಎಸ್ ಕದಂಬ’ ನೌಕಾನೆಲೆ ಕಾರ್ಯಾರಂಭ ಮಾಡಿತು. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ನೌಕೆ ಅಲ್ಲಿಗೆ ಬಂದು ತಲುಪಿತು. ಹೆಲಿಕಾಪ್ಟರ್ ಹುಟ್ಟುವ ಊರು ಮತ್ತು ಹಡಗು ನಿಲ್ಲುವ ಊರು ಎರಡೂ ಒಂದೇ ರಾಜ್ಯದಲ್ಲಿರುವುದು ಕರ್ನಾಟಕದ ವೈಶಿಷ್ಟ್ಯ.

ಧ್ರುವದ ಅನುಭವ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟಿತು. ಇದರ ರೋಟರ್ ಅಲಗುಗಳು ಕೀಲಿಲ್ಲದೆ ನೇರವಾಗಿ ಕೇಂದ್ರಕ್ಕೆ ಜೋಡಣೆಯಾಗಿವೆ. ಇದರಿಂದ ಯಂತ್ರ ಪೈಲಟ್ಟಿನ ಕೈಗೆ ಚುರುಕಾಗಿ ಒದಗುತ್ತದೆ. ಆದರೆ ಇಂತಹ ರೋಟರುಳ್ಳ ಹೆಲಿಕಾಪ್ಟರ್ ಹೊರಳುವ ಡೆಕ್ಕಿನ ಮೇಲೆ ರೋಟರ್ ತಿರುಗುತ್ತಿರುವಾಗಲೇ ನಿಂತರೆ ಬಾಗುವ ಬಲಗಳು ನೇರವಾಗಿ ರೋಟರಿನ ದಂಡಕ್ಕೆ ಸಾಗುತ್ತವೆ. ಹಡಗಿನ ಇಕ್ಕಟ್ಟಾದ ಹ್ಯಾಂಗರಿಗೆ ಸೇರುವಂತೆ ಇಂತಹ ಅಲಗುಗಳನ್ನು ಮಡಿಸುವುದೂ ಸುಲಭವಲ್ಲ. ಮಡಿಸಿದ ಬಳಿಕದ ಅಗಲದ ವಿಷಯ ನೌಕಾಪಡೆ ಮತ್ತು ತಯಾರಕರ ನಡುವೆ ದೀರ್ಘಕಾಲ ಚರ್ಚೆಗೊಳಗಾಯಿತು. ಸುರಕ್ಷಿತ ಮಿತಿಯೆಂಬುದು ಚಕ್ರಗಳು ಡೆಕ್ಕನ್ನು ಮುಟ್ಟಿದೊಡನೆ ಮುಗಿಯುವುದಿಲ್ಲ. ಡೆಕ್ಕಿಗೆ ಬಿಗಿಯುವುದು, ರೋಟರ್ ನಿಲ್ಲಿಸುವುದು, ಅಲಗು ಮಡಿಸುವುದು, ಹೊರಳುವ ಡೆಕ್ಕಿನ ಮೇಲೆ ಹ್ಯಾಂಗರಿಗೆ ಎಳೆಯುವುದು - ಪ್ರತಿಯೊಂದಕ್ಕೂ ತನ್ನದೇ ಮಿತಿಯಿದೆ. ಕೆನಡಾ ದೇಶ 1960ರ ದಶಕದಲ್ಲಿ ಹೆಲಿಕಾಪ್ಟರನ್ನು ಹಗ್ಗದಿಂದ ಡೆಕ್ಕಿಗೆ ಎಳೆದು ಹಿಡಿಯುವ ‘ಬೇರ್ ಟ್ರ್ಯಾಪ್’ ಸಾಧನವನ್ನು ರೂಪಿಸಿ, ಸಣ್ಣ ಹಡಗುಗಳ ಮೇಲೂ ದೊಡ್ಡ ಹೆಲಿಕಾಪ್ಟರುಗಳಿಗೆ ಜಾಗ ಮಾಡಿಕೊಟ್ಟಿತು. ಅಲ್ಲಿ ಗಾಳಿಯೂ ಅಲೆಯೂ ಬದಲಾಗಲಿಲ್ಲ. ಸಾಧನ ಬದಲಾದುದರಿಂದ ಮಿತಿ ವಿಸ್ತಾರವಾಯಿತು.

ಹೊರಗಿನಿಂದ ಕೊಂಡ ಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಮೆರಿಕದಿಂದ 24 ಎಂಎಚ್-60ಆರ್ ಹೆಲಿಕಾಪ್ಟರುಗಳನ್ನು ಕೊಳ್ಳಲು 2020ರಲ್ಲಿ ಒಪ್ಪಂದವಾಗಿ, ಅವುಗಳ ಮೊದಲ ದಳ 2024ರ ಮಾರ್ಚ್ 6ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿತು. ಅಮೆರಿಕದ ಹಡಗುಗಳಲ್ಲಿ ಇವುಗಳಿಗೆ ಹಲವು ವರ್ಷಗಳ ದಾಖಲೆಯಿದೆ. ಆದರೆ ಭಾರತದಲ್ಲಿ ಕಟ್ಟಿದ ಹಡಗಿನ ಹ್ಯಾಂಗರಿನ ಹಿಂದೆ ಗಾಳಿ ಹೇಗೆ ಸುತ್ತುತ್ತದೆ ಎಂಬುದನ್ನು ಆ ದಾಖಲೆ ಹೇಳಲಾರದು. ಹೆಲಿಕಾಪ್ಟರನ್ನು ಕೊಳ್ಳಬಹುದು, ನಮ್ಮ ಹಡಗಿನ ಮೇಲಿನ ಅದರ ಮಿತಿಯನ್ನು ನಾವೇ ಅಳೆದುಕೊಳ್ಳಬೇಕು.

ಬಿಡಿಭಾಗದ ಆಯುಸ್ಸು

ಮಿತಿನಕ್ಷೆ ಒಂದು ಬಾರಿಯ ಇಳಿಯುವಿಕೆ ಸುರಕ್ಷಿತವೇ ಎಂಬುದನ್ನು ಹೇಳುತ್ತದೆ. ಸಾವಿರ ಬಾರಿ ಇಳಿದ ಬಳಿಕ ಯಂತ್ರದ ಲೋಹಕ್ಕೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. 2025ರ ಜನವರಿ 5ರಂದು ಪೋರಬಂದರಿನ ವಿಮಾನನಿಲ್ದಾಣದಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಹೆಲಿಕಾಪ್ಟರೊಂದು ಅಪಘಾತಕ್ಕೀಡಾಗಿ ಮೂವರು ಮೃತಪಟ್ಟರು. ಪೈಲಟ್ಟಿನ ಆದೇಶವನ್ನು ತಿರುಗುವ ಅಲಗುಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗದಲ್ಲಿ ಮುರಿತವಾಗಿದ್ದುದು ತನಿಖೆಯಲ್ಲಿ ಕಂಡುಬಂದಿತು. ಮೂರೂ ಸೇನೆಗಳ ಮತ್ತು ಕಾವಲು ಪಡೆಯ ಧ್ರುವ ಹೆಲಿಕಾಪ್ಟರುಗಳ ಹಾರಾಟವನ್ನು ನಿಲ್ಲಿಸಲಾಯಿತು. ಭೂಸೇನೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳಿಗೆ ಮೇ ತಿಂಗಳಿನಲ್ಲಿ ಅನುಮತಿ ದೊರೆಯಿತು. ಕಡಲಿನ ಮೇಲೆ ಹಾರುವ ಹೆಲಿಕಾಪ್ಟರುಗಳು ಅದಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು.

ಆ ಅಪಘಾತ ಹಡಗಿನ ಮೇಲೆ ನಡೆದುದಲ್ಲ. ಮಿತಿನಕ್ಷೆಯನ್ನು ಮೀರಿದುದರಿಂದ ಆದುದೆಂದು ಹೇಳಲು ಆಧಾರವಿಲ್ಲ. ಆದರೂ ಮಿತಿಯ ವಿಚಾರಕ್ಕೆ ಅದು ಸಂಬಂಧಿಸಿದೆ. ಗಾಳಿ ಮತ್ತು ಅಲೆಯ ಮಿತಿ ಕಣ್ಣಿಗೆ ಕಾಣುವ ಅಪಾಯವನ್ನು ಕುರಿತದ್ದು. ಲೋಹದ ದಣಿವು, ಉಪ್ಪಿನ ಸವೆತ, ಡೆಕ್ಕಿನ ಮೇಲಿನ ಅಲುಗಾಟ - ಇವು ನಿಧಾನವಾಗಿ ಸಂಗ್ರಹವಾಗುವ ಅಪಾಯಗಳು. ಇವುಗಳನ್ನು ತಿಳಿಯಬೇಕಾದರೆ ಪರೀಕ್ಷಾ ಹೆಲಿಕಾಪ್ಟರಿನ ಮೇಲೆ ಮಾತ್ರವಲ್ಲದೆ ದಿನನಿತ್ಯ ದುಡಿಯುವ ಹೆಲಿಕಾಪ್ಟರುಗಳ ಮೇಲೂ ಅಳತೆಯ ಉಪಕರಣಗಳಿರಬೇಕು. ಅವು ಕೊಡುವ ಅಂಕಿಗಳು ವಿನ್ಯಾಸಕಾರರನ್ನು ತಲುಪಬೇಕು.

ಕಿರಿದಾದ ಮಿತಿ, ಹಿರಿದಾದ ಮಿತಿ

ಮಿತಿಯನ್ನು ಆದಷ್ಟು ಕಿರಿದಾಗಿಸಿದರೆ ಸುರಕ್ಷತೆ ಹೆಚ್ಚುತ್ತದೆ ಎಂದು ಮೇಲುನೋಟಕ್ಕೆ ತೋರಬಹುದು. ಕಡಲಿನಲ್ಲಿ ಈ ವಾದ ಪೂರ್ತಿಯಾಗಿ ನಿಲ್ಲುವುದಿಲ್ಲ. 2025ರ ಜೂನ್ 9ರಂದು ಕೇರಳದ ತೀರದಾಚೆ ‘ವಾನ್ ಹೈ 503’ ಎಂಬ ಸರಕುನೌಕೆಗೆ ಬೆಂಕಿ ಬಿದ್ದಿತು. ನೌಕೆಯನ್ನು ತೊರೆದ 18 ಮಂದಿಯನ್ನು ನೌಕಾಪಡೆಯ ‘ಸೂರತ್’ ಹಡಗು ನವಮಂಗಳೂರಿಗೆ ಕರೆತಂದಿತು, ನಾಲ್ವರು ಕಾಣೆಯಾಗಿದ್ದರು. ಉರಿಯುತ್ತಿದ್ದ ನೌಕೆ ಮಾರುತದ ಹೊಡೆತಕ್ಕೆ ಸಿಕ್ಕಿ ದಡದತ್ತ ತೇಲತೊಡಗಿತು. ಅದನ್ನು ಎಳೆದೊಯ್ಯಲು ಹಗ್ಗ ಕಟ್ಟುವವರನ್ನು ಜೂನ್ 13ರಂದು ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಅದರ ಮೇಲೆ ಇಳಿಬಿಟ್ಟಿತು. ಮಳೆಗಾಲದ ಕಡಲಿನಲ್ಲಿ ಹೆಲಿಕಾಪ್ಟರಿನ ಹೊರತು ಬೇರೆ ದಾರಿ ದುರ್ಲಭವಾದ ಕೆಲಸ ಅದು.

ಅಂತಹ ದಿನ ಮಿತಿರೇಖೆ ಅಗತ್ಯಕ್ಕಿಂತ ಒಳಗಿದ್ದರೆ ಹೆಲಿಕಾಪ್ಟರ್ ಹ್ಯಾಂಗರಿನಲ್ಲಿಯೇ ಉಳಿಯುತ್ತದೆ, ನೀರಿನಲ್ಲಿರುವವರು ನೀರಿನಲ್ಲಿಯೇ ಉಳಿಯುತ್ತಾರೆ. ರೇಖೆ ಅಗತ್ಯಕ್ಕಿಂತ ಹೊರಗಿದ್ದರೆ ರಕ್ಷಿಸಲು ಹೋದವರೇ ನೀರು ಪಾಲಾಗುತ್ತಾರೆ. ಮೂರನೆಯ ಸಾಧ್ಯತೆಯೂ ಇದೆ. ಮಿತಿ ಅವಾಸ್ತವವಾಗಿ ಕಿರಿದಾಗಿದೆಯೆಂದು ಅನುಭವದಿಂದ ತಿಳಿದ ಪೈಲಟ್ಟುಗಳು ಅದನ್ನು ಮನಸ್ಸಿನಲ್ಲಿಯೇ ಹಿಗ್ಗಿಸಿಕೊಳ್ಳತೊಡಗುತ್ತಾರೆ. ಎಲ್ಲಿಯವರೆಗೆ ಹಿಗ್ಗಿಸಬಹುದೆಂಬುದನ್ನು ಅಳೆದವರು ಯಾರೂ ಇಲ್ಲವಾದುದರಿಂದ ಅಪಾಯ ನಿಜವಾಗಿ ಆರಂಭವಾಗುವ ಗೆರೆಯನ್ನು ಅವರು ತಿಳಿಯದೆಯೇ ದಾಟಬಹುದು. ಅಳತೆಯಿಲ್ಲದ ಎಚ್ಚರಿಕೆ ಕೊನೆಗೆ ಎಚ್ಚರಿಕೆಯ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ಆದುದರಿಂದ ಮಿತಿನಿರ್ಣಯದಲ್ಲಿ ಸುರಕ್ಷತೆ ಮತ್ತು ಉಪಯುಕ್ತತೆಗಳನ್ನು ವಿರೋಧಿಗಳೆಂದು ತಿಳಿಯಬೇಕಾಗಿಲ್ಲ. ಎರಡಕ್ಕೂ ಬೇಕಾದುದು ಮಾಪನವೇ. ಪರೀಕ್ಷೆಗೆ ಮೀಸಲಿಟ್ಟ ಹಡಗಿನ ದಿನಗಳು, ಮಾರುತದ ತಿಂಗಳುಗಳಲ್ಲಿಯೇ ನಡೆಯುವ ಪರೀಕ್ಷೆಗಳು, ಉಪಕರಣ ಹೊತ್ತ ಹೆಲಿಕಾಪ್ಟರುಗಳು - ಇವೆಲ್ಲ ವೆಚ್ಚದಾಯಕವಾದವು. ಹಡಗು ಮತ್ತು ಹೆಲಿಕಾಪ್ಟರುಗಳನ್ನು ಕೊಳ್ಳುವಾಗ ಅಥವಾ ಕಟ್ಟುವಾಗ ಈ ವೆಚ್ಚವನ್ನು ಅವುಗಳ ಬೆಲೆಯ ಒಂದು ಭಾಗವೆಂದೇ ಗಣಿಸುವುದು ಯುಕ್ತ.

ಉಪಸಂಹಾರ

ಹಿಂದೆ ಮಂಗಳೂರಿನಿಂದ ಬಂಟ್ವಾಳ, ಪಾಣೆಮಂಗಳೂರುಗಳಿಗೆ ನೇತ್ರಾವತಿಯ ಮೇಲೆ ದೋಣಿಗಳಲ್ಲಿ ಸರಕು ಸಾಗುತ್ತಿತ್ತು. ಹೊಳೆಯ ಬಣ್ಣ ಮತ್ತು ಸೆಳವನ್ನು ನೋಡಿ ಇಂದು ಹೊರಡಬಹುದೇ ಎಂದು ನಿರ್ಧರಿಸುವುದು ದೋಣಿಯವರ ಅನುಭವಕ್ಕೆ ಬಿಟ್ಟ ವಿಷಯವಾಗಿತ್ತು. ಆ ತಿಳಿವಳಿಕೆ ನಿಜವಾದುದೇ; ಆದರೆ ಅದು ಒಬ್ಬ ವ್ಯಕ್ತಿಯ ಜೊತೆಗೆ, ಒಂದು ಹೊಳೆಯ ಜೊತೆಗೆ ಉಳಿದುಕೊಂಡಿತು. 8.5 ಮೀಟರ್ ಎಂಬ ಗೆರೆ ಆ ಹೊಳೆಯನ್ನು ಹಿಂದೆಂದೂ ನೋಡದ ಅಧಿಕಾರಿಗೂ ಅರ್ಥವಾಗುತ್ತದೆ.

ಹಡಗಿನ ಮೇಲಿನ ಹೆಲಿಕಾಪ್ಟರಿನ ಮಿತಿನಕ್ಷೆ ಇಂತಹದೇ ಒಂದು ಗೆರೆ. ಪರೀಕ್ಷಾ ಪೈಲಟ್ಟಿನ ಕೈಗೆ ತಿಳಿದುದನ್ನು ಅವನನ್ನು ಎಂದೂ ಕಾಣದ ಇನ್ನೊಬ್ಬ ಪೈಲಟ್ಟಿಗೆ ಅದು ತಲುಪಿಸುತ್ತದೆ. ಎಷ್ಟು ಜೋಡಿಗಳಿಗೆ, ಎಷ್ಟು ಬಗೆಯ ಕಡಲಿಗೆ ಈ ಗೆರೆಯನ್ನು ಅಳೆದು ಎಳೆಯಲಾಗಿದೆಯೋ ಅಷ್ಟರಮಟ್ಟಿಗೆ ಆ ಯಂತ್ರಗಳು ನಮ್ಮವಾಗಿರುತ್ತವೆ. ಉಳಿದ ಭಾಗದಲ್ಲಿ, ಇಳಿಯಬಹುದೇ ಎಂಬುದನ್ನು ಆ ರಾತ್ರಿ ಹಡಗಿನ ಮೇಲಿರುವವರೇ ಯಾವ ಅಳತೆಯ ನೆರವೂ ಇಲ್ಲದೆ ನಿರ್ಧರಿಸಬೇಕಾಗುತ್ತದೆ.